ಕೈ ಬಿಗಿದರೆ ನಿಲ್ಲದ ನಡುಕ

'ಸೈಡ್‌ಕಾರ್ ಕಟ್ಟಿದ ಮೇಲೆ ಹ್ಯಾಂಡಲ್ ನಡುಗಿಯೇ ನಡುಗುತ್ತದೆ. ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಅಷ್ಟೆ.' ಮುಂಬಯಿಯ ಗ್ಯಾರೇಜುಗಳಲ್ಲಿ ಈ ಮಾತನ್ನು ನಾವು ಕೇಳಿದ್ದು ಒಂದೆರಡು ಬಾರಿಯಲ್ಲ. ಹೇಳುವವರು ವಂಚಕರಲ್ಲ, ತಾವು ಬಲ್ಲಷ್ಟನ್ನು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಮಾತಿಗೆ ಹಿರಿಯರ ಅನುಭವದ ಗಾಂಭೀರ್ಯವೂ ಇದೆ. ಆದರೂ ಅದು ತಪ್ಪೆಂಬುದು ನಮ್ಮ ಖಚಿತ ಅಭಿಪ್ರಾಯ. ತಪ್ಪಷ್ಟೇ ಅಲ್ಲ, ಹ್ಯಾಂಡಲ್ ಹಿಡಿಯುವ ಅವಕಾಶವೇ ಇಲ್ಲದೆ ಪಕ್ಕದ ತೊಟ್ಟಿಯಲ್ಲಿ ಕೈಕಟ್ಟಿ ಕುಳಿತವರ ಪಾಲಿಗೆ ಅಪಾಯಕಾರಿಯೂ ಹೌದು.

ಸೈಡ್‌ಕಾರ್ ಈಗ ಈ ನಗರದಲ್ಲಿ ಅಪರೂಪದ ನೋಟ. ಹಳೆಯ ವಾಹನಗಳ ಮೆರವಣಿಗೆಯಲ್ಲೋ ಮದುವೆಯ ಛಾಯಾಚಿತ್ರಗಳಲ್ಲೋ ಕಂಡರೆ ಕಂಡೀತು. ಒಂದು ಕಾಲದಲ್ಲಿ ಅದು ಬಡ ಮಧ್ಯಮವರ್ಗದ ಮೋಟಾರು ಆಗಿತ್ತೆಂಬುದನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. ಮುಂಬಯಿಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿಯ ಲ್ಯಾಂಬ್ರೆಟಾ, ಪುಣೆಯ ಬಜಾಜ್, ಮದರಾಸಿನಲ್ಲಿ 1955ರಿಂದ ಜೋಡಣೆಯಾಗತೊಡಗಿದ ಬುಲೆಟ್ ಇವುಗಳ ಎಡಮಗ್ಗುಲಿಗೆ ಒಂದು ತೊಟ್ಟಿಯನ್ನು ಬಿಗಿದು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಕಾರು ಕೊಳ್ಳಲಾಗದ ಗೃಹಸ್ಥರು ಸಂಸಾರ ಸಾಗಿಸಿದರು. 1975ರ 'ಶೋಲೆ' ಚಿತ್ರದಲ್ಲಿ ಇಬ್ಬರು ಗೆಳೆಯರು ಸೈಡ್‌ಕಾರಿನಲ್ಲಿ ಹಾಡುತ್ತ ಹೋದದ್ದು ದೇಶಕ್ಕೆಲ್ಲ ನೆನಪಿದೆ. ಆ ಚಿತ್ರದ ಬಂಡೆಗಳೆಲ್ಲ ನಮ್ಮ ರಾಮನಗರದವು ಎಂದು ಮುಂಬಯಿಯ ನೆರೆಹೊರೆಯವರಿಗೆ ಹೇಳಿಕೊಂಡು ನಾವು ಬೀಗಿದ್ದೂ ಇದೆ. ಹಾಡು ಹಾಡುವಾಗ ಹ್ಯಾಂಡಲ್ ನಡುಗುವುದಿಲ್ಲ. ಘಾಟ್‌ಕೋಪರಿನ ಸಿಗ್ನಲ್ ದಾಟಿ ಮೂರನೆಯ ಗೇರಿಗೆ ಬಂದಾಗ ನಡುಗುತ್ತದೆ.

ನಮ್ಮ ದೊಡ್ಡಪ್ಪನವರಲ್ಲಿ ಎಪ್ಪತ್ತರ ದಶಕದ ಒಂದು ಬುಲೆಟ್ ಇದೆ. ಹೊಟೇಲಿನ ದುಡಿಮೆಯ ದಿನಗಳಲ್ಲಿ ಅದರ ಸೈಡ್‌ಕಾರಿನಲ್ಲಿ ತೆಂಗಿನಕಾಯಿ, ಬಾಳೆಎಲೆ, ಅಕ್ಕಿ ಮೂಟೆ ಬರುತ್ತಿದ್ದವು. ಹೊಟೇಲನ್ನು ಮಕ್ಕಳಿಗೆ ಬಿಟ್ಟುಕೊಟ್ಟು ಮುಲುಂಡಿನ ಮನೆಯಲ್ಲಿ ನೆಲೆನಿಂತ ಮೇಲೆ ಆ ಸ್ಥಾನ ದೊಡ್ಡಮ್ಮನವರದಾಯಿತು. ಅವರ ಮೊಣಕಾಲು ನೋವಿಗೆ ರೈಲಿನ ಮೇಲ್ಸೇತುವೆಯ ಮೆಟ್ಟಿಲು ಆಗದು. ರಿಕ್ಷಾಗಳು ಸಾಯನ್ ದಾಟಿ ಒಳಗೆ ಬರಲಾರವು. ಟ್ಯಾಕ್ಸಿಗೆ ಹಣ ಸುರಿಯುವುದು ಅವರ ಸ್ವಭಾವಕ್ಕೆ ಒಗ್ಗದು. ಹೀಗಾಗಿ ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ಕಾರ್ಯಕ್ರಮವಿದ್ದ ದಿನ ಇಬ್ಬರೂ ಆ ಮೂರು ಚಕ್ರದ ಗಾಡಿಯಲ್ಲೇ ಬರುವುದು ರೂಢಿಯಾಗಿತ್ತು. ಒಂದು ಸಂಜೆ ಸಾಯನ್ನಿನ ಮೇಲ್ಸೇತುವೆ ಇಳಿಯುವಾಗ ಹ್ಯಾಂಡಲ್ ಹಠಾತ್ತನೆ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳತೊಡಗಿತು. ದೊಡ್ಡಪ್ಪ ಎರಡೂ ಕೈಯಿಂದ ಅದುಮಿ ಹಿಡಿದರು. ಹಿಂದೆ ಬೆಸ್ಟ್ ಬಸ್ಸು, ಬಲಕ್ಕೆ ಟ್ಯಾಂಕರು. ಗಾಡಿ ನಿಂತಾಗ ದೊಡ್ಡಮ್ಮ ಏನೂ ಹೇಳಲಿಲ್ಲ. ಮುಂದಿನ ಭಾನುವಾರ, 'ನೀವು ಹೋಗಿ ಬನ್ನಿ' ಎಂದರು. ಆ ನಂತರದ ಐದು ತಿಂಗಳು ಅವರು ಮಾಟುಂಗಕ್ಕೆ ಬರಲಿಲ್ಲ. ಮಕ್ಕಳು ಗಾಡಿಯನ್ನು ಮಾರಿಬಿಡೋಣವೆಂದರು. ನಾವು ಈ ನಡುಕದ ಬೆನ್ನು ಹತ್ತಿದ್ದು ಹೀಗೆ.

ಮೊದಲು ಮುಂಬಯಿಗೇ ವಿಶೇಷವಾದ ಒಂದು ಸಂಗತಿಯನ್ನು ಹೇಳಬೇಕು. ಸೈಡ್‌ಕಾರ್ ಗಾಡಿಗಳ ಈ ತೊನೆದಾಟ ಎಲ್ಲ ವೇಗದಲ್ಲೂ ಬರುವಂಥದ್ದಲ್ಲ. ಸಾಮಾನ್ಯವಾಗಿ ಗಂಟೆಗೆ ಇಪ್ಪತ್ತರಿಂದ ನಲವತ್ತು ಕಿಲೋಮೀಟರಿನ ನಡುವೆ ಅದು ತಲೆಯೆತ್ತುತ್ತದೆ. ಆ ಗಡಿ ದಾಟಿದರೆ ತಾನಾಗಿ ಅಡಗುತ್ತದೆ. ಊರಿನ ಹೆದ್ದಾರಿಯಲ್ಲಿ ಓಡಿಸುವವನು ಆ ಪಟ್ಟಿಯನ್ನು ಎರಡು ಕ್ಷಣದಲ್ಲಿ ಹಾದುಹೋಗುತ್ತಾನೆ, ರೋಗವಿದೆಯೆಂದೂ ಅವನಿಗೆ ತಿಳಿಯದು. ನಮ್ಮ ನಗರದ ಸಂಚಾರವಾದರೋ ಇಡೀ ದಿನ ಅದೇ ಪಟ್ಟಿಯೊಳಗೆ ತೆವಳುತ್ತದೆ. ಅದರ ಮೇಲೆ ಪೇವರ್ ಬ್ಲಾಕುಗಳು, ಕಾಂಕ್ರೀಟ್ ರಸ್ತೆಯ ಸಂದುಗಳು, ಮೇಲ್ಸೇತುವೆಯ ಕಬ್ಬಿಣದ ಜೋಡಣೆಗಳು, ಮಳೆಗಾಲದ ಹೊಂಡಗಳು ಎಲ್ಲವೂ ಚಕ್ರಕ್ಕೆ ಆ ಮೊದಲ ತಟ್ಟನ್ನು ಕೊಡಲು ಕಾದು ಕುಳಿತಿರುತ್ತವೆ. 'ಗಟ್ಟಿಯಾಗಿ ಹಿಡಿಯಿರಿ' ಎನ್ನುವವರು ಇನ್ನೊಂದನ್ನು ಮರೆಯುತ್ತಾರೆ: ಇಲ್ಲಿ ಎಡಗೈಯ ಬೆರಳುಗಳು ನಿಮಿಷಕ್ಕೆ ಹತ್ತು ಬಾರಿ ಕ್ಲಚ್ ಮೇಲೆ ಹೋಗಲೇಬೇಕು. ಹಿಡಿತ ಸಡಿಲವಾಗುವುದೂ ನಡುಕ ಏಳುವುದೂ ಒಂದೇ ಗಳಿಗೆ.

ನಡುಕವೇಕೆ ಬರುತ್ತದೆ? ದಾದರಿನ ರೈಲು ನಿಲ್ದಾಣದಲ್ಲಿ ಸಾಮಾನು ಸಾಗಿಸುವ ಕೈಗಾಡಿಯನ್ನೋ ಆಸ್ಪತ್ರೆಯ ಸ್ಟ್ರೆಚರನ್ನೋ ಗಮನಿಸಿದವರಿಗೆ ಉತ್ತರ ಅರ್ಧ ಗೊತ್ತಿದೆ. ಅದರ ಮುಂದಿನ ಪುಟ್ಟ ಚಕ್ರ ಒಂದು ನಿಗದಿತ ವೇಗದಲ್ಲಿ ಪಟಪಟನೆ ಅತ್ತಿತ್ತ ಒದ್ದಾಡುತ್ತದೆಯಲ್ಲವೇ, ಅದೇ ಈ ರೋಗದ ಮೂಲರೂಪ. ಚಕ್ರ ತಿರುಗುವ ಅಕ್ಷ ಮುಂದಿದ್ದು, ಚಕ್ರ ನೆಲವನ್ನು ಮುಟ್ಟುವ ಬಿಂದು ಹಿಂದೆ ಎಳೆದುಕೊಂಡು ಬರುತ್ತದೆ. ಮೋಟಾರ್‌ಸೈಕಲ್ಲಿನಲ್ಲೂ ಹೀಗೆಯೇ. ಹ್ಯಾಂಡಲಿನ ಕಂಬದ ನೇರಕ್ಕೆ ಒಂದು ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ತುಸು ಮುಂದೆ ಬೀಳುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಒಂಟಿ ಮೋಟಾರ್‌ಸೈಕಲ್ಲಿಗೆ ಅದು ವರ. ಚಕ್ರವನ್ನು ನೇರ ದಾರಿಗೆ ತಾನಾಗಿ ಮರಳಿಸುವುದು ಅದೇ. ಅನೇಕ ಒಂಟಿ ಗಾಡಿಗಳಲ್ಲಿ ಈ ಅಂತರ ಸುಮಾರು 90ರಿಂದ 110 ಮಿಲಿಮೀಟರ್ ಇರುತ್ತದೆ.

ಸೈಡ್‌ಕಾರ್ ಸೇರಿದೊಡನೆ ಲೆಕ್ಕವೇ ಬೇರೆ. ಗಾಡಿ ಈಗ ತಿರುವಿನಲ್ಲಿ ವಾಲುವುದಿಲ್ಲ. ವಾಲಿ ತಿರುಗುತ್ತಿದ್ದುದನ್ನು ಇನ್ನು ಹ್ಯಾಂಡಲ್ ತಿರುಗಿಸಿಯೇ ಸಾಧಿಸಬೇಕು. ಎಡಕ್ಕೆ ಸದಾ ಒಂದು ಎಳೆತವಿರುತ್ತದೆ. ವೇಗ ಕೂಡಿಸಿದರೆ ತೊಟ್ಟಿ ಹಿಂದುಳಿಯಲು ನೋಡುತ್ತದೆ, ಗಾಡಿ ಎಡಕ್ಕೆ ಸರಿಯುತ್ತದೆ. ಬ್ರೇಕು ಹಿಡಿದರೆ ತೊಟ್ಟಿ ಮುನ್ನುಗ್ಗಿ ಗಾಡಿಯನ್ನು ಬಲಕ್ಕೆ ತಳ್ಳುತ್ತದೆ. ಇಂಥ ವಾಹನಕ್ಕೆ ಒಂಟಿ ಗಾಡಿಯ ಅಷ್ಟು ದೊಡ್ಡ ಟ್ರೇಲ್ ಬೇಕಿಲ್ಲ. ಅದು ಹ್ಯಾಂಡಲನ್ನು ಕಲ್ಲಿನಂತೆ ಭಾರಗೊಳಿಸುತ್ತದೆ, ಜೊತೆಗೆ ಒಮ್ಮೆ ಅಲುಗಿದ ಚಕ್ರ ನಟ್ಟನಡುವೆ ನಿಲ್ಲದೆ ಆಚೆ ಬದಿಗೆ ಹಾರಿ ಮತ್ತೆ ಈಚೆಗೆ ಬರುವ ಆಟಕ್ಕೆ ದಾರಿ ಮಾಡಿಕೊಡುತ್ತದೆ. ಸೈಡ್‌ಕಾರ್ ಬಲ್ಲವರು ಟ್ರೇಲನ್ನು ಸರಿಸುಮಾರು ಅರ್ಧಕ್ಕೆ ಇಳಿಸಲು ಬಯಸುವುದು ಇದಕ್ಕಾಗಿಯೇ.

ಇದೇನೂ ಹೊಸ ಶೋಧವಲ್ಲ. 1955ರಿಂದ ಬಿಎಂಡಬ್ಲ್ಯೂ ತನ್ನ ಮೋಟಾರ್‌ಸೈಕಲ್ಲುಗಳಿಗೆ ಅಳವಡಿಸಿದ ಅರ್ಲ್ಸ್ ಫೋರ್ಕಿನಲ್ಲಿ ಕೀಲು ಕೂರಿಸಲು ಎರಡು ಸ್ಥಾನಗಳಿದ್ದವು: ಒಂದು ಒಂಟಿ ಸವಾರಿಗೆ, ಇನ್ನೊಂದು ಸೈಡ್‌ಕಾರಿಗೆ. ಬೋಲ್ಟನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಬದಲಿಸಿದರೆ ಟ್ರೇಲ್ ಇಳಿಯುತ್ತಿತ್ತು. ಆ ಎರಡನೆಯ ತೂತನ್ನು ನಾವು ಬಹಳ ಗೌರವದಿಂದ ಕಾಣುತ್ತೇವೆ. ಸೈಡ್‌ಕಾರ್ ಕಟ್ಟಿದ ಮೋಟಾರ್‌ಸೈಕಲ್ ಎಂಬುದು ಮೋಟಾರ್‌ಸೈಕಲ್ ಅಲ್ಲ, ಬೇರೆಯೇ ಒಂದು ವಾಹನ ಎಂದು ತಯಾರಿಸಿದವರೇ ಲೋಹದಲ್ಲಿ ಕೊರೆದು ಒಪ್ಪಿಕೊಂಡ ಸಾಕ್ಷ್ಯವದು. ನಮ್ಮಲ್ಲಿ ಹೆಚ್ಚಿನವರು ಒಂಟಿ ಸವಾರಿಗೆಂದು ಹುಟ್ಟಿದ ಗಾಡಿಗೆ ತೊಟ್ಟಿಯನ್ನು ಬಿಗಿದು, ಉಳಿದದ್ದನ್ನು ಸವಾರನ ತೋಳಿಗೆ ಒಪ್ಪಿಸಿದರು.

ಹಾಗೆಂದು, ನಡುಗುವ ಗಾಡಿಗೆಲ್ಲ ಫೋರ್ಕು ಬದಲಿಸಿರೆಂದು ನಾವು ಹೇಳುತ್ತಿಲ್ಲ. ಅದು ಕಟ್ಟಕಡೆಯ ಮಾತು. ಮೊದಲ ಮಾತು ಸಡಿಲ.

ದೊಡ್ಡಪ್ಪನವರ ಗಾಡಿಯನ್ನು ನೋಡಿದ ಮೊದಲ ಇಬ್ಬರು ಮೆಕ್ಯಾನಿಕ್ಕುಗಳು ಹ್ಯಾಂಡಲಿನ ಮೇಲಿನ ಡ್ಯಾಂಪರನ್ನು ಬಿಗಿದು ಕಳುಹಿಸಿದರು. ಹಳೆಯ ಗಾಡಿಗಳಲ್ಲಿ ಹ್ಯಾಂಡಲಿನ ನಟ್ಟನಡುವೆ ಇರುವ ತಿರುಪು ಗುಂಡಿ ಇದು. ತಿರುಗಿಸಿದಂತೆ ಒಳಗಿನ ಬಿಲ್ಲೆಗಳು ಒಂದನ್ನೊಂದು ಅದುಮಿ ಹ್ಯಾಂಡಲನ್ನು ಬಿಗಿಯಾಗಿಸುತ್ತವೆ. ನಡುಕ ನಿಂತಿತು. ನಿಧಾನಗತಿಯಲ್ಲಿ ತಿರುಗಿಸುವುದು ಎಪ್ಪತ್ತು ದಾಟಿದ ಕೈಗಳಿಗೆ ಶಿಕ್ಷೆಯಾಯಿತು. ತಿಂಗಳೊಪ್ಪತ್ತಿನಲ್ಲಿ ನಡುಕ ಮರಳಿತು, ಈ ಸಲ ಇನ್ನಷ್ಟು ಒರಟಾಗಿ. ಡ್ಯಾಂಪರ್ ಕೆಟ್ಟ ವಸ್ತುವಲ್ಲ. ಎಲ್ಲ ಸರಿಪಡಿಸಿದ ಮೇಲೆ ಉಳಿದ ಕಿಂಚಿತ್ತನ್ನು ಅಡಗಿಸಲು ಅದು ಬೇಕು. ಆದರೆ ಮೊದಲಿಗೇ ಅದನ್ನು ಬಿಗಿಯುವುದೆಂದರೆ ಜ್ವರಕ್ಕೆ ಕಾರಣ ನೋಡದೆ ಹಣೆಗೆ ಒದ್ದೆಬಟ್ಟೆ ಹಾಕಿ ಮಲಗಿಸಿದಂತೆ. ಒಳಗೆ ಸವೆಯುತ್ತಿರುವುದು ಸವೆಯುತ್ತಲೇ ಇರುತ್ತದೆ, ನಮಗೆ ಸುಳಿವು ಸಿಗುವುದಿಲ್ಲ.

ಕುರ್ಲಾದ ಸಿ.ಎಸ್.ಟಿ. ರಸ್ತೆಯ ಹಿಂದಿನ ಒಂದು ಓಣಿಯಲ್ಲಿ ಸಿಕ್ಕಿದ ಹಿರಿಯ ಉಸ್ತಾದರು ಡ್ಯಾಂಪರನ್ನು ಪೂರ್ತಿ ಬಿಚ್ಚಿ ಬದಿಗಿಟ್ಟದ್ದನ್ನು ಕಂಡಾಗಲೇ ನಮಗೆ ಭರವಸೆ ಹುಟ್ಟಿತು. 'ಅಣ್ಣಾ, ಮೊದಲು ಇದರ ಬಾಯಿ ಬಿಡಿಸೋಣ, ಏನು ಹೇಳುತ್ತದೋ ಕೇಳೋಣ' ಎಂದರು. ಇಂಜಿನ್ನಿನ ಅಡಿಗೆ ಜಾಕ್ ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿದರು. ಫೋರ್ಕಿನ ಕೆಳತುದಿಗಳನ್ನು ಹಿಡಿದು ಹಿಂದೆ ಮುಂದೆ ಜಗ್ಗಿದಾಗ ಟಕ್ಕೆಂದಿತು: ಹ್ಯಾಂಡಲಿನ ಕೋನ್‌ಸೆಟ್ ಸಡಿಲ. ಹ್ಯಾಂಡಲನ್ನು ಒಂದೇ ಬೆರಳಿನಿಂದ ಮೆಲ್ಲಗೆ ತಿರುಗಿಸಿದಾಗ ನೇರಕ್ಕೆ ಬಂದಲ್ಲಿ ಹಳ್ಳಕ್ಕೆ ಬಿದ್ದಂತೆ ಒಮ್ಮೆ ಕಚ್ಚಿಕೊಂಡಿತು: ಗುಂಡುಗಳು ತಾವು ಸದಾ ಕೂರುವ ಜಾಗದಲ್ಲಿ ಬಟ್ಟಲನ್ನು ತಗ್ಗು ಮಾಡಿದ್ದವು. ಇಂಥ ಕೋನ್‌ಸೆಟ್ಟನ್ನು ಬಿಗಿದು ಪ್ರಯೋಜನವಿಲ್ಲ, ಬದಲಿಸಲೇಬೇಕು. ಮುಂದಿನ ಟೈರಿನ ಮೈ ಗುಂಡಗಿರುವ ಬದಲು ಚಪ್ಪಟೆಯಾಗಿತ್ತು. ವಾಲದ ಗಾಡಿಯ ಟೈರು ನಡುಭಾಗದಲ್ಲೇ ಸವೆಯುವುದು ಸಹಜ, ಆದರೆ ಅದರಲ್ಲಿ ಗಾಳಿಯೂ ಕಡಿಮೆಯಿತ್ತು. ಎರಡು ಕಡ್ಡಿಗಳು ಸಡಿಲ. ಇವೆಲ್ಲಕ್ಕಿಂತ ನಮ್ಮನ್ನು ಬೆಚ್ಚಿಸಿದ್ದು ತೊಟ್ಟಿಯನ್ನು ಗಾಡಿಗೆ ಹಿಡಿದಿಟ್ಟ ನಾಲ್ಕು ಕೊಂಡಿಗಳಲ್ಲಿ ಮುಂದಿನ ಕೆಳಗಿನದು: ಬೋಲ್ಟಿನ ತೂತು ಉದ್ದಕ್ಕೆ ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು. ದೊಡ್ಡಮ್ಮ ಕೂರುತ್ತಿದ್ದ ತೊಟ್ಟಿ ಪ್ರತಿ ಹೊಂಡಕ್ಕೂ ಗಾಡಿಯನ್ನು ಒಂದು ಎಳೆ ಜಗ್ಗುತ್ತಿತ್ತು. ಡ್ಯಾಂಪರ್ ಬಿಗಿದವರಿಗೆ ಅದು ಕಂಡಿರಲೇ ಇಲ್ಲ, ಏಕೆಂದರೆ ನಡುಕವಿದ್ದದ್ದು ಹ್ಯಾಂಡಲಿನಲ್ಲಿ, ಅವರು ನೋಡಿದ್ದೂ ಹ್ಯಾಂಡಲನ್ನೇ.

ಸಡಿಲವೆಲ್ಲ ಹೋದ ಮೇಲೆ ಅಳತೆ. ಅಳೆಯಲು ಸಮತಟ್ಟಾದ ನೆಲ ಬೇಕು. ಮುಂಬಯಿಯಲ್ಲಿ ಎಂಟಡಿ ಅಗಲ ಎಂಟಡಿ ಉದ್ದದ ಸಮತಟ್ಟು ನೆಲ, ಅದೂ ಎರಡು ಗಂಟೆ ಯಾರೂ ಅಡ್ಡಬರದಂತೆ, ಎಲ್ಲಿ ಸಿಗಬೇಕು? ಉಸ್ತಾದರ ಓಣಿಯಲ್ಲಿ ಗಟಾರದ ಕಡೆಗೆ ಇಳಿಜಾರು. ಕೊನೆಗೆ ನಮ್ಮ ಹೌಸಿಂಗ್ ಸೊಸೈಟಿಯ ಕೆಳಗಿನ ಪಾರ್ಕಿಂಗ್ ಜಾಗವನ್ನು ಒಂದು ಭಾನುವಾರ ಬೆಳಗ್ಗೆ ಆರು ಗಂಟೆಗೆ ಬೇಡಿ ಪಡೆದೆವು. ಕಾರ್ಯದರ್ಶಿಗಳು ಎಣ್ಣೆಯ ಕಲೆ ಬೀಳಬಾರದೆಂಬ ಷರತ್ತಿನೊಂದಿಗೆ ಒಪ್ಪಿ, ಎಂಟು ಗಂಟೆಯ ಹೊತ್ತಿಗೆ ತಾವೇ ಅಳತೆಪಟ್ಟಿ ಹಿಡಿದು ಕುಳಿತಿದ್ದರು. ಕಿಟಕಿಯ ಚೌಕಟ್ಟು ಮಾಡುವವನಿಂದ ತಂದ ಎರಡು ಉದ್ದನೆಯ ಅಲ್ಯುಮಿನಿಯಂ ಪಟ್ಟಿಗಳಲ್ಲಿ ಒಂದನ್ನು ಗಾಡಿಯ ಎರಡು ಚಕ್ರಗಳಿಗೆ ತಾಗಿಸಿ, ಇನ್ನೊಂದನ್ನು ಸೈಡ್‌ಕಾರಿನ ಚಕ್ರಕ್ಕೆ ತಾಗಿಸಿ ಮಲಗಿಸಬೇಕು. ಮುಂದಿನ ಚಕ್ರದ ಎದುರಿಗೊಮ್ಮೆ, ಹಿಂದಿನ ಚಕ್ರದ ಹಿಂದೊಮ್ಮೆ ಎರಡು ಪಟ್ಟಿಗಳ ನಡುವಿನ ಅಂತರವನ್ನು ಅಳೆಯಬೇಕು. ಮುಂದಿನ ಅಂತರ ತುಸು ಕಡಿಮೆಯಿರಬೇಕು, ಅಂದರೆ ಪಕ್ಕದ ಚಕ್ರ ಗಾಡಿಯತ್ತ ಕೊಂಚ ಮುಖ ಮಾಡಿರಬೇಕು. ಇದು ಟೋ-ಇನ್. ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್ ಸಾಕು. ನಮ್ಮದರಲ್ಲಿ 45 ಇತ್ತು! ಗಾಡಿ ಎಡಕ್ಕೆ ಎಳೆಯುತ್ತದೆಂದು ಯಾರೋ ಹಿಂದೊಮ್ಮೆ ಚಕ್ರವನ್ನು ಒಳಕ್ಕೆ ತಿರುಗಿಸುತ್ತ ಹೋಗಿದ್ದರು. ಅಷ್ಟು ಓರೆಯಾದ ಚಕ್ರ ಉರುಳುವುದಕ್ಕಿಂತ ಹೆಚ್ಚಾಗಿ ಉಜ್ಜಿಕೊಂಡು ಬರುತ್ತದೆ. ಟೈರನ್ನು ತಿನ್ನುತ್ತದೆ, ನಡುಕಕ್ಕೆ ಕುಮ್ಮಕ್ಕು ಕೊಡುತ್ತದೆ.

ಎಡದ ಎಳೆತಕ್ಕೆ ನಿಜವಾದ ಮದ್ದು ಬೇರೆ. ಮೋಟಾರ್‌ಸೈಕಲ್ಲನ್ನು ತೊಟ್ಟಿಯಿಂದ ಆಚೆಗೆ, ಅಂದರೆ ಬಲಕ್ಕೆ, ಒಂದೆರಡು ಡಿಗ್ರಿ ವಾಲಿಸಿ ಕೂರಿಸಬೇಕು. ನಮ್ಮ ರಸ್ತೆಗಳು ಮಳೆನೀರು ಹರಿಯಲೆಂದು ಅಂಚಿನತ್ತ ಇಳಿಜಾರಾಗಿವೆ, ನಾವು ಓಡಿಸುವುದು ಎಡ ಅಂಚಿನಲ್ಲಿ, ತೊಟ್ಟಿ ಇರುವುದೂ ಎಡಕ್ಕೆ. ಮೂರೂ ಸೇರಿ ಗಾಡಿಯನ್ನು ಗಟಾರದ ಕಡೆಗೆ ಕರೆಯುತ್ತವೆ. ಗಾರೆಯವರ ತೂಗುಗುಂಡನ್ನು ಇಳಿಬಿಟ್ಟು ವಾಲುವಿಕೆಯನ್ನು ನೋಡಬೇಕು, ಅದೂ ಸವಾರ ಮೇಲೆ ಕುಳಿತಿರುವಾಗ, ತೊಟ್ಟಿಯಲ್ಲಿ ಕೂರಬೇಕಾದ ತೂಕ ಕುಳಿತಿರುವಾಗ. ಖಾಲಿ ಗಾಡಿಯ ಅಳತೆ ಖಾಲಿ ಗಾಡಿಗಷ್ಟೇ ಸರಿ. ದೊಡ್ಡಮ್ಮ ಕೆಳಗಿಳಿದು ಬರಲು ಒಪ್ಪದ್ದರಿಂದ ಅವರ ಬದಲಿಗೆ ಎರಡು ಅಕ್ಕಿಮೂಟೆಗಳು ಕುಳಿತವು. ಅವರ ತೂಕ ಎಷ್ಟೆಂದು ದೊಡ್ಡಪ್ಪ ಹೇಳಿದ ಅಂಕಿಗೂ ಮೇಲಿನ ಬಾಲ್ಕನಿಯಿಂದ ಬಂದ ತಿದ್ದುಪಡಿಗೂ ಎಂಟು ಕಿಲೋ ವ್ಯತ್ಯಾಸವಿತ್ತು. ಬಾಲ್ಕನಿಯ ಅಂಕಿಯನ್ನೇ ಹಿಡಿದೆವು. ಪಕ್ಕದ ಚಕ್ರದ ಅಚ್ಚು ಹಿಂದಿನ ಚಕ್ರದ ಅಚ್ಚಿಗಿಂತ 15ರಿಂದ 25 ಸೆಂಟಿಮೀಟರಿನಷ್ಟು ಮುಂದಿರುವುದು ವಾಡಿಕೆ. ನಮ್ಮದು ಅದರೊಳಗೇ ಇತ್ತು, ಅದನ್ನು ಮುಟ್ಟಲಿಲ್ಲ.

ಫಲಿತಾಂಶವನ್ನು ಉಬ್ಬಿಸಿ ಹೇಳಬಾರದು. ಹೊಸ ಕೋನ್‌ಸೆಟ್, ಹೊಸ ಟೈರು, ಬುಷ್ ಹಾಕಿ ಸರಿಪಡಿಸಿದ ಕೊಂಡಿ, 15 ಮಿಲಿಮೀಟರಿಗೆ ಇಳಿಸಿದ ಟೋ-ಇನ್ ಇಷ್ಟರಿಂದ ನಡುಕದ ಬಹುಪಾಲು ಹೋಯಿತು. ಮೂವತ್ತರ ಆಸುಪಾಸಿನಲ್ಲಿ, ಪೇವರ್ ಬ್ಲಾಕಿನ ಮೇಲೆ, ಕೈ ಸಡಿಲಬಿಟ್ಟರೆ ಸಣ್ಣದೊಂದು ಅದುರು ಉಳಿದಿತ್ತು. ಅದು ಟ್ರೇಲಿನ ಪಾಲು. ಆಗ ಮಾತ್ರ ಉಸ್ತಾದರು ಡ್ಯಾಂಪರನ್ನು ಮರಳಿ ಕೂರಿಸಿ ಕಾಲು ಸುತ್ತು ಬಿಗಿದರು. ಫೋರ್ಕು ಬದಲಿಸಿದರೆ ಅದೂ ಹೋದೀತು, ಹ್ಯಾಂಡಲೂ ಹಗುರವಾದೀತು. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೋಂದಣಿಯಲ್ಲಿರುವ ವಿವರಗಳಿಗೆ ಹೊಂದದ ಮಾರ್ಪಾಟುಗಳನ್ನು ತಡೆಯುತ್ತದೆ. ಆದ್ದರಿಂದ ಆ ಹೆಜ್ಜೆ ಇಡುವವರು ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಲೇಸು. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಫೋರ್ಕನ್ನು ಕತ್ತರಿಸಿ ಬೆಸೆಯಿಸುವುದಂತೂ ಆತ್ಮಹತ್ಯೆಯ ದಾರಿ; ಬೆಸುಗೆ ಬಿಟ್ಟ ದಿನ ನಡುಕಕ್ಕೆ ಹ್ಯಾಂಡಲೇ ಉಳಿಯುವುದಿಲ್ಲ.

ಇಷ್ಟೆಲ್ಲ ಖರ್ಚು ಮಾಡಿ ಹಳೆಯ ಗಾಡಿಯನ್ನು ಉಳಿಸಿಕೊಳ್ಳಬೇಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ದೊಡ್ಡಪ್ಪನ ಮಕ್ಕಳೂ ಅದನ್ನೇ ಕೇಳಿದ್ದರು. ನಮ್ಮ ಆಕ್ಷೇಪವಿರುವುದು ಉಳಿಸಿಕೊಂಡೂ ಅಳೆಯದವರ ಬಗ್ಗೆ. ಮದುವೆಗೆ ಬಾಡಿಗೆ ಕೊಡುವ ಸೈಡ್‌ಕಾರುಗಳ ಕ್ರೋಮ್ ಮುಖ ಕಾಣುವಷ್ಟು ಹೊಳೆಯುತ್ತದೆ. ಒಮ್ಮೆ ಅಂಥದ್ದರ ಮಾಲೀಕರನ್ನು ಟೋ-ಇನ್ ಎಷ್ಟಿಟ್ಟಿದ್ದೀರಿ ಎಂದು ಕೇಳಿದಾಗ, ಬಣ್ಣದ ಹೆಸರು ಹೇಳಿದರು. ವಧೂವರರು ಆಗಲೇ ತೊಟ್ಟಿಯಲ್ಲಿ ಕುಳಿತಾಗಿತ್ತು. ಸೈಡ್‌ಕಾರ್ ನಡೆಸುವವನ ಶೌರ್ಯವನ್ನು ಅವನ ತೋಳಿನಲ್ಲಿ ಕಾಣುವ ಅಭ್ಯಾಸ ನಮ್ಮಲ್ಲಿ ಹಳೆಯದು, ದೊಡ್ಡಪ್ಪನವರಲ್ಲೂ ಅದಿತ್ತು: ಮೂವತ್ತು ವರ್ಷ ಆ ನಡುಕವನ್ನು ತಾವು 'ಪಳಗಿಸಿದ್ದಾಗಿ' ಅವರು ಹೇಳಿಕೊಳ್ಳುತ್ತಿದ್ದರು. ಪಳಗಿದ್ದು ಅವರ ಭುಜಗಳು. ನಡುಕ ತನ್ನ ಪಾಡಿಗೆ ತಾನು ಕೊಂಡಿಯ ತೂತನ್ನು ಕೊರೆಯುತ್ತಿತ್ತು.

ಅಳತೆಗಳನ್ನು ಅವರು ಮೊದಲು ಕಾಲನಿರ್ಣಯದ ಪುಟದ ಮೇಲೆ ಬರೆದಿಟ್ಟರು. ವರ್ಷ ಮುಗಿದರೆ ಅದು ರದ್ದಿಗೆ ಹೋಗುತ್ತದೆಂದು ದೊಡ್ಡಮ್ಮ ನೆನಪಿಸಿದ ಮೇಲೆ, ಸೈಡ್‌ಕಾರಿನ ಡಿಕ್ಕಿಯ ಮುಚ್ಚಳದ ಒಳಮೈಗೆ ಬಿಳಿ ಬಣ್ಣದಲ್ಲಿ ಬರೆಸಿದರು: ಟೋ-ಇನ್, ವಾಲು, ಮೂರು ಚಕ್ರಗಳ ಗಾಳಿ, ಕೋನ್‌ಸೆಟ್ ಹಾಕಿದ ತಿಂಗಳು. ಮುಂದಿನ ಕಾರ್ಯಕ್ರಮದ ದಿನ ಅವರಿಬ್ಬರೂ ಮಾಟುಂಗಕ್ಕೆ ಬಂದರು. ಸಾಯನ್ ಮೇಲ್ಸೇತುವೆಯನ್ನು ಇಳಿಯುವಾಗ ದೊಡ್ಡಮ್ಮ ಒಂದು ಕೈಯಲ್ಲಿ ತೊಟ್ಟಿಯ ಅಂಚನ್ನು ಹಿಡಿದೇ ಇದ್ದರಂತೆ. ಇನ್ನೊಂದು ಕೈಯಲ್ಲಿ ಚಕ್ಕುಲಿಯ ಡಬ್ಬಿಯಿತ್ತು.